ನಗರ ಮತ್ತು ನಾಗರಿಕ: ಸರ್ ಮಿರ್ಜಾ ಇಸ್ಮಾಯಿಲ್ ಅವರ ಜೀವನ ಮತ್ತು ಸಾಧನೆ

ರಾಜಸ್ಥಾನದ ರಾಜಧಾನಿಯಾದ ಜಯಪುರದಲ್ಲಿ, ಹಳೆಯ ಕೋಟೆಗೋಡೆಯ ಹೊರಗೆ ದಕ್ಷಿಣದ ಕಡೆ, ವಿಶಾಲವಾದ ವಾಣಿಜ್ಯ ಬೀದಿಯೊಂದಿದೆ. ಎಂ. ಐ. ರಸ್ತೆ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಈ ಬೀದಿಯ ಎರಡಕ್ಷರಗಳು ಬೆಂಗಳೂರಿನಲ್ಲಿ ಹುಟ್ಟಿ ಬೆಂಗಳೂರಿನಲ್ಲೇ ಕೊನೆಯುಸಿರೆಳೆದ ಒಬ್ಬ ಕನ್ನಡ ನಾಡಿನ ಆಡಳಿತಗಾರರವು. ಮೈಸೂರು, ಜಯಪುರ, ಹೈದರಾಬಾದು ಎಂಬ ಮೂರು ದೇಶೀಯ ಸಂಸ್ಥಾನಗಳ ಆಡಳಿತದ ಚುಕ್ಕಾಣಿ ಹಿಡಿದ ಸರ್ ಮಿರ್ಜಾ ಮೊಹಮ್ಮದ್ ಇಸ್ಮಾಯಿಲ್ ಅವರು ಆಧುನಿಕ ಭಾರತದ ನಗರಗಳ ಇತಿಹಾಸದಲ್ಲಿ ವಿಶಿಷ್ಟ ಸ್ಥಾನಕ್ಕೆ ಅರ್ಹರು. ಆದರೂ ಕರ್ನಾಟಕದ ಆಧುನಿಕೀಕರಣದ ಚರ್ಚೆಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರಿಗೆ ದೊರೆತಷ್ಟು ಗಮನ ಮಿರ್ಜಾ ಅವರಿಗೆ ದೊರೆತಿಲ್ಲ. ಅವರನ್ನು ಉದ್ಯಾನಗಳ ದಿವಾನರೆಂದು, ಸೌಂದರ್ಯಪ್ರಿಯರೆಂದು ನೆನೆದು ಮುಂದೆ ಸಾಗುವುದು ವಾಡಿಕೆಯಾಗಿದೆ.

ಈ ಚಿತ್ರ ಸುಳ್ಳಲ್ಲ, ಅಪೂರ್ಣವಾದುದು. ನಗರದ ನೀರು, ದೀಪ, ಬೀದಿ, ಚರಂಡಿ, ಮಾರುಕಟ್ಟೆಗಳನ್ನು ಅವರು ನಾಡಿನ ಸಂಪತ್ತನ್ನು ಬೆಳೆಸುವ ಸಾಧನಗಳೆಂದು ಕಂಡರು. ಅಚ್ಚುಕಟ್ಟಾದ ಊರು ಬಂಡವಾಳವನ್ನೂ ಕುಶಲ ಕೆಲಸಗಾರರನ್ನೂ ಸೆಳೆಯುತ್ತದೆ. ಅಲ್ಲಿ ಹುಟ್ಟುವ ಉದ್ಯಮ ಸುತ್ತಲಿನ ಹಳ್ಳಿಯ ಬೆಳೆಗೆ ಬೆಲೆ ತರುತ್ತದೆ. ಹೀಗೆ ಬರುವ ಆದಾಯದಿಂದ ಮತ್ತಷ್ಟು ಲೋಕೋಪಯೋಗಿ ಕಾರ್ಯಗಳು ಸಾಧ್ಯವಾಗುತ್ತವೆ. ಅವರ ಆಡಳಿತದ ಒಟ್ಟು ಕ್ರಮದಲ್ಲಿ ಈ ತರ್ಕ ಎದ್ದು ಕಾಣುತ್ತದೆ. ಇದರೊಂದಿಗೇ ಮತ್ತೊಂದು ಪ್ರಶ್ನೆಯೂ ಅವರ ಬದುಕಿನ ಉದ್ದಕ್ಕೂ ಬೆನ್ನುಹತ್ತಿ ಬಂದಿತು. ನಗರವನ್ನು ಕಟ್ಟುವ ಅಧಿಕಾರ ಯಾರದು? ಅದರಲ್ಲಿ ವಾಸಿಸುವ ನಾಗರಿಕನಿಗೆ ಅದರ ಆಡಳಿತದಲ್ಲಿ ಪಾಲೆಷ್ಟು? ಮೂರು ಸಂಸ್ಥಾನಗಳಲ್ಲಿ ಈ ಪ್ರಶ್ನೆಗೆ ಮೂರು ಬಗೆಯ ಉತ್ತರಗಳು ದೊರೆತವು. ಅವರ ಜೀವನದ ಅಧ್ಯಯನಕ್ಕೆ ಇಂದಿಗೂ ಇರುವ ಮಹತ್ವ ಇಲ್ಲಿಯೇ ಅಡಗಿದೆ.

ಮನೆತನ, ವಿದ್ಯಾಭ್ಯಾಸ, ಆರಂಭದ ಸೇವೆ

ಮಿರ್ಜಾ ಅವರ ಪೂರ್ವಿಕರು ಪರ್ಷಿಯಾ ದೇಶದ ಶಿರಾಜ್ ಪಟ್ಟಣದವರು. ಅವರ ತಾತ ಅಲಿ ಅಸ್ಕರ್ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಕುದುರೆ ವ್ಯಾಪಾರಕ್ಕಾಗಿ ಬೆಂಗಳೂರಿಗೆ ಬಂದು ಇಲ್ಲಿಯೇ ನೆಲೆನಿಂತರು. ಮುಮ್ಮಡಿ ಕೃಷ್ಣರಾಜ ಒಡೆಯರ ವಿಶ್ವಾಸವನ್ನು ಗಳಿಸಿದ ಅವರು ದಂಡುಪ್ರದೇಶದಲ್ಲಿ ಹಲವು ಮನೆಗಳನ್ನೂ ಕಟ್ಟಿಸಿದರು. ಅವರ ಹೆಸರಿನ ರಸ್ತೆ ಬೆಂಗಳೂರಿನಲ್ಲಿ ಇಂದಿಗೂ ಇದೆ. ಮಿರ್ಜಾ ಅವರ ತಂದೆ ಆಗಾ ಜಾನ್ ಅರಮನೆಯ ಸೇವೆಯಲ್ಲಿದ್ದವರು. ಇಂಥ ಮನೆತನದಲ್ಲಿ 1883ರ ಅಕ್ಟೋಬರ್ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಮಿರ್ಜಾ ಇಸ್ಮಾಯಿಲ್ ಜನಿಸಿದರು. ಪರದೇಶದಿಂದ ವ್ಯಾಪಾರಕ್ಕೆಂದು ಬಂದ ಕುಟುಂಬವೊಂದು ಮೂರು ತಲೆಮಾರುಗಳಲ್ಲಿ ನಾಡಿನ ಆಡಳಿತದ ಶಿಖರವನ್ನು ಮುಟ್ಟಿದ್ದು ಮೈಸೂರು ಸಂಸ್ಥಾನದ ಸಾಮಾಜಿಕ ಔದಾರ್ಯಕ್ಕೆ ನಿದರ್ಶನವಾಗಿದೆ.

ಬಾಲಕ ಮಹಾರಾಜರಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರ ವಿದ್ಯಾಭ್ಯಾಸಕ್ಕಾಗಿ ಏರ್ಪಟ್ಟಿದ್ದ ತರಗತಿಗೆ ಆಯ್ಕೆಯಾದ ಕೆಲವೇ ಸಹಪಾಠಿಗಳಲ್ಲಿ ಮಿರ್ಜಾ ಒಬ್ಬರು. ಸ್ಟೂವರ್ಟ್ ಫ್ರೇಸರ್ ಎಂಬ ಆಂಗ್ಲ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ನಡೆದ ಈ ಶಿಕ್ಷಣದ ಕಾಲದಲ್ಲಿ ಅರಸ ಮತ್ತು ಪ್ರಜೆಯ ನಡುವೆ ಮೂಡಿದ ಸ್ನೇಹ ನಾಲ್ಕು ದಶಕಗಳ ಕಾಲ ಅಖಂಡವಾಗಿ ಉಳಿಯಿತು. ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ ಪದವಿ ಪಡೆದ ಮಿರ್ಜಾ ಪೊಲೀಸ್ ಇಲಾಖೆಯಲ್ಲಿ ಸೇವೆಯನ್ನು ಆರಂಭಿಸಿದರು. ಬಳಿಕ ಮಹಾರಾಜರ ಹುಜೂರ್ ಕಾರ್ಯದರ್ಶಿಯಾಗಿ, ಆಪ್ತ ಕಾರ್ಯದರ್ಶಿಯಾಗಿ ಅರಮನೆಯ ಆಡಳಿತಕ್ಕೆ ಹತ್ತಿರವಾದರು. ವಿಶ್ವೇಶ್ವರಯ್ಯ, ಕಾಂತರಾಜ ಅರಸ್, ಆಲ್ಬಿಯನ್ ಬ್ಯಾನರ್ಜಿ ಎಂಬ ಮೂವರು ದಿವಾನರ ಕಾರ್ಯವಿಧಾನವನ್ನು ಅವರು ಸಮೀಪದಿಂದ ನೋಡಿದರು. ಅವರು ಎಂಜಿನಿಯರರಲ್ಲ, ಅರ್ಥಶಾಸ್ತ್ರಜ್ಞರೂ ಅಲ್ಲ. ರಾಜ್ಯವನ್ನು ನಡೆಸುವ ಕಲೆಯನ್ನು ಕಡತಗಳ ನಡುವೆ ಕುಳಿತು ಕಲಿತವರು. 1926ರ ಮೇ ತಿಂಗಳಿನಲ್ಲಿ ಬ್ಯಾನರ್ಜಿಯವರ ಸ್ಥಾನಕ್ಕೆ ಮಿರ್ಜಾ ದಿವಾನರಾಗಿ ನೇಮಕಗೊಂಡಾಗ ಅವರಿಗೆ ನಲವತ್ತೆರಡು ವರ್ಷ ವಯಸ್ಸು. 1941ರವರೆಗೆ ನಡೆದ ಈ ದಿವಾನಗಿರಿ ಶೇಷಾದ್ರಿ ಅಯ್ಯರ್ ಅವರ ನಂತರದ ಅತಿ ದೀರ್ಘ ಅವಧಿಯದು.

ಪರಂಪರೆ ಮತ್ತು ಸವಾಲು

ಹೊಸ ದಿವಾನರಿಗೆ ದೊರೆತ ಪರಂಪರೆ ಸಂಪನ್ನವಾದುದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ತಲುಪಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತ್ತು. ಮೈಸೂರು ನಗರದಲ್ಲಿ 1903ರಲ್ಲಿಯೇ ನಗರಾಭಿವೃದ್ಧಿ ವಿಶ್ವಸ್ಥ ಮಂಡಲಿ ಸ್ಥಾಪನೆಯಾಗಿತ್ತು. ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೂಪುಗೊಂಡಿದ್ದವು; 1898ರ ಪ್ಲೇಗು ನೈರ್ಮಲ್ಯದ ಪಾಠವನ್ನು ಕಠೋರವಾಗಿ ಕಲಿಸಿತ್ತು. ವಿಶ್ವೇಶ್ವರಯ್ಯನವರ ಕಾಲದಲ್ಲಿ ಮೈಸೂರು ಬ್ಯಾಂಕು, ವಿಶ್ವವಿದ್ಯಾನಿಲಯ, ಸಾಬೂನು ಮತ್ತು ಗಂಧದೆಣ್ಣೆಯ ಕಾರ್ಖಾನೆಗಳು ಹುಟ್ಟಿದ್ದವು. ಕನ್ನಂಬಾಡಿಯ ಅಣೆಕಟ್ಟು ಏರುತ್ತಿತ್ತು. ಭದ್ರಾವತಿಯಲ್ಲಿ 1923ರಿಂದ ಕಬ್ಬಿಣ ಕರಗುತ್ತಿತ್ತು.

ಸವಾಲೂ ಅಷ್ಟೇ ದೊಡ್ಡದು. ಕಾವೇರಿ ಮತ್ತು ಭದ್ರಾವತಿಯ ಯೋಜನೆಗಳಲ್ಲಿ ತೊಡಗಿಸಿದ ಅಪಾರ ಹಣ ಇನ್ನೂ ಫಲ ಕೊಡಬೇಕಿತ್ತು. ಬ್ರಿಟಿಷ್ ಸರ್ಕಾರಕ್ಕೆ ವರ್ಷಂಪ್ರತಿ 35 ಲಕ್ಷ ರೂಪಾಯಿಗಳ ಪೊಗದಿ ಸಲ್ಲುತ್ತಿತ್ತು. ಈ ಪೊಗದಿಯಲ್ಲಿ ಹತ್ತೂವರೆ ಲಕ್ಷ ರೂಪಾಯಿಗಳ ಕಡಿತ ದೊರೆತದ್ದು ಮಿರ್ಜಾ ಅವರ ದಿವಾನಗಿರಿಯ ಆರಂಭದ ವರ್ಷಗಳಲ್ಲಿ. ಸ್ವಲ್ಪ ಕಾಲದಲ್ಲೇ 1929ರ ಜಾಗತಿಕ ಆರ್ಥಿಕ ಕುಸಿತ ಎದುರಾಗಿ ಕಚ್ಚಾ ಕಬ್ಬಿಣದಿಂದ ಮೊದಲ್ಗೊಂಡು ರೈತನ ಬೆಳೆಯವರೆಗೆ ಎಲ್ಲದರ ಬೆಲೆ ಇಳಿಯಿತು. ಇದಲ್ಲದೆ ಬೆಂಗಳೂರು ಎಂಬುದು ವಾಸ್ತವವಾಗಿ ಎರಡು ಊರುಗಳಾಗಿತ್ತು. ಹಳೆಯ ಪೇಟೆ ಮತ್ತು ಅದರ ಸುತ್ತಲ ಬಡಾವಣೆಗಳು ಮೈಸೂರಿಗೆ ಸೇರಿದ್ದರೆ, ದಂಡುಪ್ರದೇಶ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿತ್ತು. ಅದು ಮೈಸೂರಿಗೆ ಮರಳಿ ಬಂದದ್ದು 1947ರಲ್ಲಿ. ಎರಡೂ ಸೇರಿ ಒಂದೇ ನಗರಪಾಲಿಕೆಯಾದದ್ದು 1949ರಲ್ಲಿ. ದಿವಾನರು ಕಟ್ಟಲು ಹೊರಟ ನಗರದ ಅರ್ಧ ಭಾಗ ಅವರ ಅಧಿಕಾರದ ಹೊರಗಿತ್ತು.

ನೀರು, ಬೆಳಕು, ಬೀದಿ

ನಗರದ ಏಳಿಗೆಗೆ ಮೊದಲ ಅಗತ್ಯ ನೀರು. 1896ರಿಂದ ಬೆಂಗಳೂರಿಗೆ ನೀರು ಒದಗಿಸುತ್ತಿದ್ದ ಹೆಸರಘಟ್ಟದ ಕೆರೆ ಮಳೆ ಕೈಕೊಟ್ಟ ವರ್ಷಗಳಲ್ಲಿ ಬತ್ತತೊಡಗಿತ್ತು. ಅರ್ಕಾವತಿ ನದಿಗೆ ತಿಪ್ಪಗೊಂಡನಹಳ್ಳಿಯಲ್ಲಿ ಜಲಾಶಯವನ್ನು ಕಟ್ಟಿ 1933ರಿಂದ ಅಲ್ಲಿಯ ನೀರನ್ನು ನಗರಕ್ಕೆ ತಂದದ್ದು ಮಿರ್ಜಾ ಅವರ ಕಾಲದ ಮೂಲಭೂತ ಕಾರ್ಯ. ಉದ್ಯಾನಗಳ ಹೆಗ್ಗಳಿಕೆಯಲ್ಲಿ ಈ ಜಲಾಶಯ ಮರೆತುಹೋಗುತ್ತದೆ. ಆದರೆ ಅದಿಲ್ಲದೆ ಆ ಕಾಲದ ಬೆಂಗಳೂರಿನ ಕಾರ್ಖಾನೆಗಳನ್ನಾಗಲಿ ಹೊಸ ಬಡಾವಣೆಗಳನ್ನಾಗಲಿ ಊಹಿಸುವುದು ಕಷ್ಟ. ವಿದ್ಯುತ್ತಿನ ವಿಷಯದಲ್ಲಿಯೂ ಇದೇ ದೃಷ್ಟಿ ಕಾಣುತ್ತದೆ. ಶಿವನಸಮುದ್ರವೊಂದನ್ನೇ ನಂಬದೆ ಶಿಂಷಾ ವಿದ್ಯುದಾಗಾರವನ್ನು ಕಟ್ಟಲಾಯಿತು; ಅದು 1940ರಲ್ಲಿ ಕೆಲಸ ಆರಂಭಿಸಿತು. ಜೋಗದ ಯೋಜನೆಗೆ 1939ರಲ್ಲಿ ಅಸ್ತಿಭಾರ ಬಿದ್ದಿತು. ಪಟ್ಟಣಗಳಿಗೂ ಹಳ್ಳಿಗಳಿಗೂ ವಿದ್ಯುತ್ತನ್ನು ಹಂಚುವ ಕೆಲಸ ದೇಶದ ಬಹುಭಾಗಕ್ಕಿಂತ ಮೊದಲೇ ಮೈಸೂರಿನಲ್ಲಿ ಸಾಗಿತು.

ಬೀದಿಯ ವಿಷಯದಲ್ಲಿ ಮಿರ್ಜಾ ಅವರ ಶ್ರದ್ಧೆ ದಂತಕಥೆಯಂತಾಗಿದೆ. ಬೆಳಗಿನ ವೇಳೆ ನಗರ ಸಂಚಾರ ಹೊರಟು ಚರಂಡಿ, ಕಸದ ತೊಟ್ಟಿ, ಸಾಲುಮರ, ದೀಪದ ಕಂಬಗಳನ್ನು ಖುದ್ದಾಗಿ ಪರೀಕ್ಷಿಸುವುದು ಅವರ ರೂಢಿಯಾಗಿತ್ತು. ಬೀದಿಗಳು ಕೂಡುವಲ್ಲಿ ವೃತ್ತಗಳು, ವೃತ್ತಗಳಲ್ಲಿ ಹೂಗಿಡಗಳು, ಸಾರ್ವಜನಿಕ ಕಟ್ಟಡಗಳ ಮುಂದೆ ಬಯಲು, ಹೀಗೆ ಮೈಸೂರು ಮತ್ತು ಬೆಂಗಳೂರುಗಳ ಇಂದಿನ ಚಹರೆಯ ಬಹುಪಾಲು ಆ ಕಾಲದ್ದು. ಜರ್ಮನಿಯಿಂದ ಬಂದು 1908ರಿಂದ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಸಸ್ಯಶಾಸ್ತ್ರಜ್ಞ ಜಿ. ಎಚ್. ಕ್ರುಂಬಿಗಲ್ ಈ ಕಾರ್ಯದಲ್ಲಿ ಅವರ ಬಲಗೈಯಾಗಿದ್ದರು. ವರ್ಷದ ಬೇರೆ ಬೇರೆ ತಿಂಗಳುಗಳಲ್ಲಿ ಒಂದಾದ ಮೇಲೊಂದರಂತೆ ಹೂಬಿಡುವ ಮರಗಳನ್ನು ಆರಿಸಿ ಬೀದಿಗಳ ಇಕ್ಕೆಲಗಳಲ್ಲಿ ಬೆಳೆಸಿದ್ದು ಕ್ರುಂಬಿಗಲ್ ಅವರ ಯೋಜನೆ. ಬೆಂಗಳೂರಿಗೆ ಉದ್ಯಾನನಗರಿ ಎಂಬ ಹೆಸರು ನಿಂತದ್ದರಲ್ಲಿ ಈ ಇಬ್ಬರ ಪಾಲು ದೊಡ್ಡದು. ಬೆಂಗಳೂರಿನ ಪುರಭವನ ಮತ್ತು ವಾಣಿವಿಲಾಸ ಆಸ್ಪತ್ರೆಗಳು 1935ರಲ್ಲಿ ಸಾರ್ವಜನಿಕರಿಗೆ ದೊರೆತವು.

ಕನ್ನಂಬಾಡಿಯ ಬೃಂದಾವನ ಈ ಸೌಂದರ್ಯಪ್ರಜ್ಞೆಯ ಪ್ರಸಿದ್ಧ ಫಲ. ಕಾಶ್ಮೀರದ ಶಾಲಿಮಾರ್ ಉದ್ಯಾನದಿಂದ ಪ್ರೇರಣೆ ಪಡೆದು ಅಣೆಕಟ್ಟಿನ ಕೆಳಗಿನ ಬಯಲಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾರಂಜಿಗಳನ್ನೂ ಹೂದೋಟವನ್ನೂ ರೂಪಿಸಲಾಯಿತು. 1927ರಲ್ಲಿ ಆರಂಭವಾದ ಕೆಲಸ 1932ರ ಹೊತ್ತಿಗೆ ಮುಗಿಯಿತು. ನೀರಾವರಿಗೂ ವಿದ್ಯುತ್ತಿಗೂ ಕಟ್ಟಿದ ಅಣೆಕಟ್ಟನ್ನು ಜನರು ನೋಡಲು ಬರುವ ತಾಣವನ್ನಾಗಿಸಿದ ಈ ಕಲ್ಪನೆಯಿಂದ ಮೈಸೂರು ನಗರಕ್ಕೆ ಪ್ರವಾಸವೆಂಬ ಹೊಸ ಜೀವನಾಧಾರ ದೊರೆಯಿತು. ದಸರೆಯ ವೈಭವ, ಅದಕ್ಕೆ ಹೊಂದಿಕೊಂಡ ವಸ್ತುಪ್ರದರ್ಶನ, ಅಗಲವಾದ ಬೀದಿಗಳು, ಬೃಂದಾವನ ಇವು ಒಂದಕ್ಕೊಂದು ಪೂರಕವಾದವು. ರಾಜಧಾನಿಯ ಶೋಭೆ ವ್ಯಾಪಾರಿಯ ಅಂಗಡಿಗೂ ಕುಶಲಕರ್ಮಿಯ ಮನೆಗೂ ಗಾಡಿ ಹೊಡೆಯುವವನ ಒಲೆಗೂ ಆದಾಯವಾಗಿ ತಲುಪುವ ಮಾರ್ಗ ಇದು.

ಊರಿಗೊಂದು ಕಾರ್ಖಾನೆ

ವಿಶ್ವೇಶ್ವರಯ್ಯನವರ ಒಲವು ಬೃಹತ್ ಉದ್ಯಮದ ಕಡೆಗಿದ್ದರೆ, ಮಿರ್ಜಾ ಅವರು ಮಧ್ಯಮ ಗಾತ್ರದ ಹಲವು ಉದ್ಯಮಗಳನ್ನು ಹಲವು ಊರುಗಳಲ್ಲಿ ಹರಡುವ ಮಾರ್ಗ ಹಿಡಿದರು. ಕಂಪನಿಯ ಷೇರುಗಳಲ್ಲಿ ಒಂದು ಭಾಗವನ್ನು ಸರ್ಕಾರ ಕೊಳ್ಳುವುದು, ಉಳಿದುದನ್ನು ಸಾರ್ವಜನಿಕರಿಂದ ಕೂಡಿಸುವುದು, ಭೂಮಿ, ವಿದ್ಯುತ್ತು, ಕಚ್ಚಾವಸ್ತುಗಳ ಅನುಕೂಲ ಒದಗಿಸುವುದು ಅವರ ವಿಧಾನ. ಕೆಲವು ಕಾರ್ಖಾನೆಗಳನ್ನು ಸರ್ಕಾರವೇ ನಡೆಸಿತು. ಖಾಸಗಿ ಹಣ ಮುಂದೆ ಬರಲು ಅಂಜುತ್ತಿದ್ದ ಕುಸಿತದ ಕಾಲದಲ್ಲಿ ಸರ್ಕಾರ ಪಾಲುದಾರನಾಗಿ ನಿಂತದ್ದರಿಂದ ಹಣ ಹೂಡುವವರಿಗೆ ಧೈರ್ಯ ಬಂದಿತು.

ಇದರ ಅತ್ಯುತ್ತಮ ನಿದರ್ಶನ ಮಂಡ್ಯ. ಕೃಷ್ಣರಾಜಸಾಗರದ ನೀರು ಅಂದು ಇರ್ವಿನ್ ನಾಲೆಯೆನಿಸಿದ್ದ ಇಂದಿನ ವಿಶ್ವೇಶ್ವರಯ್ಯ ನಾಲೆಯ ಮೂಲಕ, ಹುಲಿಕೆರೆಯ ಸುರಂಗವನ್ನು ದಾಟಿ ಬಂದಾಗ ಮಳೆಯನ್ನೇ ನಂಬಿದ್ದ ಒಣಭೂಮಿ ತೋಯ್ದಿತು. ನೀರು ಬಂದ ಮಾತ್ರಕ್ಕೆ ರೈತ ಸಮೃದ್ಧನಾಗುವುದಿಲ್ಲ. ಬೆಳೆದ ಬೆಳೆಗೆ ಹತ್ತಿರದಲ್ಲಿ ಕೊಳ್ಳುವವರು ಬೇಕು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಗಿ ಈ ಕೊರತೆಯನ್ನು ತುಂಬಿತು. ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರ ಪರಿಶ್ರಮ ಇದರ ಹಿಂದಿತ್ತು. ರೈಲುಮಾರ್ಗದ ಮೇಲಿನ ಒಂದು ಸಣ್ಣ ಊರು ಕೆಲವೇ ವರ್ಷಗಳಲ್ಲಿ ಪಟ್ಟಣವಾಗಿ ಬೆಳೆದು 1939ರಲ್ಲಿ ಹೊಸ ಜಿಲ್ಲೆಯ ಕೇಂದ್ರವಾಯಿತು. ಅಣೆಕಟ್ಟು, ನಾಲೆ, ಬೆಳೆ, ಕಾರ್ಖಾನೆ, ಪಟ್ಟಣ ಎಂಬ ಸರಪಣಿಯ ಕೊಂಡಿಗಳು ಮಂಡ್ಯದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಡೆ ಕಾಣುವುದು ಅಪರೂಪ.

ಭದ್ರಾವತಿಯಲ್ಲಿಯೂ ಹೀಗೆಯೇ ಒಂದು ಉದ್ಯಮದ ಸುತ್ತ ಮತ್ತೆ ಕೆಲವು ಉದ್ಯಮಗಳು ಬೆಳೆದವು. ಕಬ್ಬಿಣದ ಕಾರ್ಖಾನೆಗೆ ಉಕ್ಕಿನ ಘಟಕ ಸೇರಿತು. 1936ರಲ್ಲಿ ಮೈಸೂರು ಕಾಗದದ ಕಾರ್ಖಾನೆಯೂ ಕೆಲವು ಕಾಲದಲ್ಲಿ ಸಿಮೆಂಟ್ ಕಾರ್ಖಾನೆಯೂ ಹುಟ್ಟಿದವು. ಬೆಳಗೊಳದಲ್ಲಿ ರಾಸಾಯನಿಕ ಗೊಬ್ಬರ, ಚನ್ನಪಟ್ಟಣದಲ್ಲಿ ರೇಷ್ಮೆ ನೂಲು, ಹಾಸನದಲ್ಲಿ ಕೃಷಿ ಉಪಕರಣ, ಶಿವಮೊಗ್ಗೆಯಲ್ಲಿ ಬೆಂಕಿಕಡ್ಡಿ, ಬೆಂಗಳೂರಿನಲ್ಲಿ ಪಿಂಗಾಣಿ ಹಾಗೂ ವಿದ್ಯುದ್ದೀಪ, ಹೀಗೆ ಉದ್ಯಮಗಳು ಹರಡಿದವು. ಪಿಂಗಾಣಿ ಮತ್ತು ವಿದ್ಯುದ್ದೀಪದ ಕಾರ್ಖಾನೆಗಳು ವಿದ್ಯುತ್ತು ಹಂಚುವ ಕಾರ್ಯದೊಂದಿಗೆ ನೇರವಾಗಿ ಬೆಸೆದುಕೊಂಡಿದ್ದವು. ತಂತಿ ಎಳೆಯುವಲ್ಲಿ ಬೇಕಾಗುವ ಪಿಂಗಾಣಿ ಬಿಲ್ಲೆಯೂ ಮನೆಯಲ್ಲಿ ಉರಿಯುವ ಬಲ್ಬೂ ನಾಡಿನಲ್ಲೇ ತಯಾರಾದರೆ ವಿದ್ಯುತ್ತಿನ ಹರಡುವಿಕೆಯೇ ಉದ್ಯಮಕ್ಕೆ ಮಾರುಕಟ್ಟೆಯಾಗುತ್ತದೆ.

ಎಲ್ಲ ಯೋಜನೆಗಳೂ ಫಲಿಸಲಿಲ್ಲ. ವಿಶ್ವೇಶ್ವರಯ್ಯ ಮತ್ತು ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಬೆಂಗಳೂರಿನಲ್ಲಿ ಮೋಟಾರು ಕಾರ್ಖಾನೆ ಸ್ಥಾಪಿಸಲು ಮಾಡಿದ ಪ್ರಯತ್ನಕ್ಕೆ ಮೈಸೂರು ಸರ್ಕಾರದ ಬೆಂಬಲವಿದ್ದರೂ ಭಾರತದ ಬ್ರಿಟಿಷ್ ಸರ್ಕಾರದ ಸಮ್ಮತಿ ದೊರೆಯಲಿಲ್ಲ. ವಾಲ್‌ಚಂದ್ ಅವರ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿ 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಸಾರ್ವಭೌಮತ್ವವಿಲ್ಲದ ಸಂಸ್ಥಾನದ ಆರ್ಥಿಕ ಸ್ವಾತಂತ್ರ್ಯಕ್ಕೆ ಎಂಥ ಮಿತಿಯಿತ್ತೆಂಬುದನ್ನು ಈ ಪ್ರಸಂಗ ತೋರಿಸುತ್ತದೆ. ಅದೇ ವಾಲ್‌ಚಂದ್ ಅವರೊಡನೆ ಸೇರಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಗೆ ಮಾತ್ರ ಯುದ್ಧದ ಅಗತ್ಯ ನೆರವಾಯಿತು. ಮೈಸೂರು ಸರ್ಕಾರ ಭೂಮಿಯನ್ನೂ ಬಂಡವಾಳದ ಪಾಲನ್ನೂ ಒದಗಿಸಿತು. ವಿಮಾನ ತಯಾರಿಕೆಯ ಈ ಬೀಜದಿಂದ ಬೆಂಗಳೂರು ಮುಂದೆ ಯಂತ್ರೋದ್ಯಮದ, ತಂತ್ರಜ್ಞಾನದ ನಗರವಾಗಿ ಬೆಳೆಯಲು ಭೂಮಿಕೆ ಸಿದ್ಧವಾಯಿತು.

ಪರಿಣತರನ್ನು ಗುರುತಿಸಿ ಕರೆತರುವುದು ಮಿರ್ಜಾ ಅವರ ಮತ್ತೊಂದು ಶಕ್ತಿ. ನಾತ್ಸಿಗಳ ಕಾಟದಿಂದ ಜರ್ಮನಿಯನ್ನು ತೊರೆದಿದ್ದ ಯೆಹೂದ್ಯ ವಾಸ್ತುಶಿಲ್ಪಿ ಓಟ್ಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸರ್ಕಾರದ ವಾಸ್ತುಶಿಲ್ಪಿಯಾದರು. ಮುಂದೆ ಜಮ್‌ಶೇಡ್‌ಪುರದ ಅಭಿವೃದ್ಧಿಗೂ ಭುವನೇಶ್ವರದ ಹೊಸ ರಾಜಧಾನಿಗೂ ನಕ್ಷೆ ರೂಪಿಸಿದ ಕೋನಿಗ್ಸ್‌ಬರ್ಗರ್ ಭಾರತದ ಹವೆಗೆ ಹೊಂದುವ ಕಟ್ಟಡ ವಿಧಾನವನ್ನು ಅಭ್ಯಾಸ ಮಾಡಿದ್ದು ಮೈಸೂರು ಸಂಸ್ಥಾನದ ಸೇವೆಯಲ್ಲಿ.

ನಾಗರಿಕನ ಪಾಲು

ನಗರ ಮತ್ತು ನಾಗರಿಕ ಎಂಬ ಎರಡು ಪದಗಳು ಒಂದೇ ಮೂಲದವು. ಮಿರ್ಜಾ ಅವರ ಆಡಳಿತದಲ್ಲಿ ನಗರ ಬೆಳೆದ ವೇಗದಲ್ಲಿ ನಾಗರಿಕನ ಅಧಿಕಾರ ಬೆಳೆಯಲಿಲ್ಲ. ಮೈಸೂರಿನಲ್ಲಿ 1881ರಿಂದ ಪ್ರಜಾಪ್ರತಿನಿಧಿ ಸಭೆಯೂ 1907ರಿಂದ ನ್ಯಾಯವಿಧಾಯಕ ಸಭೆಯೂ ಇದ್ದವು. ಅವುಗಳಲ್ಲಿ ಚರ್ಚೆಗೆ ಅವಕಾಶವಿತ್ತಾದರೂ ದಿವಾನರು ಅವಕ್ಕೆ ಉತ್ತರದಾಯಿಗಳಾಗಿರಲಿಲ್ಲ. ಅವರ ಹೊಣೆ ಮಹಾರಾಜರಿಗೆ ಮಾತ್ರ ಸಂದಿತ್ತು. ಸದುದ್ದೇಶದ, ದಕ್ಷ ಆಡಳಿತವೇ ಪ್ರಜೆಗೆ ಸಾಕೆಂಬ ನಂಬಿಕೆ ಈ ವ್ಯವಸ್ಥೆಯ ಅಡಿಗಲ್ಲು.

ಈ ನಂಬಿಕೆಗೆ ಮೊದಲ ಪೆಟ್ಟು ಬಿದ್ದದ್ದು 1928ರಲ್ಲಿ. ಬೆಂಗಳೂರಿನ ಸುಲ್ತಾನಪೇಟೆಯ ಶಾಲೆಯ ಆವರಣದಲ್ಲಿದ್ದ ಗಣಪತಿಯ ವಿಗ್ರಹದ ಸಂಬಂಧದಲ್ಲಿ ಎದ್ದ ವಿವಾದ ಕೋಮುಗಲಭೆಯ ರೂಪ ತಾಳಿತು. ಸರ್ಕಾರದ ನಿಲುವು ತೀವ್ರ ಟೀಕೆಗೆ ಗುರಿಯಾಯಿತು. ದಿವಾನರ ಧರ್ಮವನ್ನೂ ಟೀಕೆಯಲ್ಲಿ ಎಳೆದು ತಂದವರಿದ್ದರು. ವಿಚಾರಣೆಗಾಗಿ ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ಒಂದು ದಶಕದ ಬಳಿಕ ಬಂದ ಪೆಟ್ಟು ಇನ್ನೂ ಗಾಢವಾದುದು. 1938ರ ಏಪ್ರಿಲಿನಲ್ಲಿ ಶಿವಪುರದಲ್ಲಿ ಕಾಂಗ್ರೆಸ್ಸಿನ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು ಕೋಲಾರ ಜಿಲ್ಲೆಯ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ ಹಲವರು ಪ್ರಾಣ ಕಳೆದುಕೊಂಡರು. ಮಾದರಿ ಸಂಸ್ಥಾನವೆಂಬ ಕೀರ್ತಿಗೆ ಇದರಿಂದ ಅಳಿಸಲಾಗದ ಕಲೆ ಅಂಟಿತು. ದೇಶಾದ್ಯಂತ ಖಂಡನೆ ವ್ಯಕ್ತವಾದಾಗ ಸರ್ದಾರ್ ವಲ್ಲಭಭಾಯಿ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಮೈಸೂರಿಗೆ ಬಂದರು. ಆ ಮೇ ತಿಂಗಳಿನಲ್ಲಿ ಆದ ಮಿರ್ಜಾ–ಪಟೇಲ್ ಒಪ್ಪಂದದಂತೆ ಸಂಸ್ಥಾನದ ಧ್ವಜದೊಡನೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಸಮ್ಮತಿ ದೊರೆಯಿತು. ರಾಜ್ಯಾಂಗ ಸುಧಾರಣೆಯ ಪ್ರಯತ್ನಗಳು ನಡೆದವು. ಆದರೆ ಜವಾಬ್ದಾರಿ ಸರ್ಕಾರ ಮೈಸೂರಿಗೆ ಬಂದದ್ದು ಮಿರ್ಜಾ ನಿರ್ಗಮಿಸಿದ ಆರು ವರ್ಷಗಳ ನಂತರ, 1947ರ ಅಕ್ಟೋಬರಿನಲ್ಲಿ, ಮತ್ತೊಂದು ದೊಡ್ಡ ಚಳವಳಿಯ ಫಲವಾಗಿ.

ಇಲ್ಲಿ ಇತಿಹಾಸಕಾರನ ತೀರ್ಪು ಸಮತೋಲನದಿಂದ ಕೂಡಿರಬೇಕಾಗುತ್ತದೆ. ಗುಂಡಿನ ದಾಳಿಯ ನೈತಿಕ ಹೊಣೆ ಸರ್ಕಾರದ ಮುಖ್ಯಸ್ಥರನ್ನು ತಟ್ಟದೆ ಬಿಡುವುದಿಲ್ಲ. ರಾಜಿಯ ದಾರಿಯನ್ನು ತೆರೆದಿಟ್ಟವರೂ ಅವರೇ. ಮುಖ್ಯವಾಗಿ ಗಮನಿಸಬೇಕಾದ ಸಂಗತಿಯೆಂದರೆ, ಶಾಲೆ, ಪತ್ರಿಕೆ, ರೈಲು, ಕಾರ್ಖಾನೆ, ಪುರಭವನಗಳನ್ನು ಕೊಟ್ಟ ಆಡಳಿತವೇ ತನ್ನನ್ನು ಪ್ರಶ್ನಿಸಬಲ್ಲ ಮಧ್ಯಮವರ್ಗವನ್ನೂ ಕಾರ್ಮಿಕವರ್ಗವನ್ನೂ ಹುಟ್ಟಿಸಿತು. ನಗರೀಕರಣದ ಈ ಸಹಜ ಫಲಕ್ಕೆ ಅರಸೊತ್ತಿಗೆಯ ಚೌಕಟ್ಟಿನಲ್ಲಿ ಎಡೆಯಿರಲಿಲ್ಲ.

1940ರ ಆಗಸ್ಟ್ 3ರಂದು ನಾಲ್ವಡಿ ಕೃಷ್ಣರಾಜ ಒಡೆಯರು ನಿಧನರಾದರು. ಬಾಲ್ಯದ ಸ್ನೇಹದ ಮೇಲೆ ನಿಂತಿದ್ದ ಆಡಳಿತದ ಆಧಾರಸ್ತಂಭ ಉರುಳಿದಂತಾಯಿತು. ಹೊಸ ಮಹಾರಾಜರಾದ ಜಯಚಾಮರಾಜ ಒಡೆಯರ ಕಾಲದಲ್ಲಿ ಭಿನ್ನಾಭಿಪ್ರಾಯಗಳು ತಲೆದೋರಿ 1941ರಲ್ಲಿ ಮಿರ್ಜಾ ರಾಜೀನಾಮೆ ನೀಡಿದರು.

ಜಯಪುರ

1942ರಲ್ಲಿ ಎರಡನೆಯ ಸವಾಯಿ ಮಾನಸಿಂಹರ ಆಹ್ವಾನದಂತೆ ಮಿರ್ಜಾ ಜಯಪುರದ ಪ್ರಧಾನ ಮಂತ್ರಿಗಳಾದರು. 1727ರಲ್ಲಿ ಎರಡನೆಯ ಸವಾಯಿ ಜಯಸಿಂಹ ಸ್ಥಾಪಿಸಿದ ಆ ನಗರ ಯೋಜಿತ ನಗರಗಳ ಇತಿಹಾಸದಲ್ಲಿ ಹೆಸರಾದುದು. ನೇರವಾದ ಅಗಲ ಬೀದಿಗಳು, ಚೌಕಗಳು, ಬೀದಿಯುದ್ದಕ್ಕೂ ಒಂದೇ ಬಗೆಯ ಅಂಗಡಿ ಸಾಲುಗಳು ಅದರ ಲಕ್ಷಣ. ಎರಡು ಶತಮಾನಗಳ ಬಳಿಕ ಗೋಡೆಯೊಳಗಿನ ಊರು ಇಕ್ಕಟ್ಟಾಗಿತ್ತು. ಮೈಸೂರಿನ ಅನುಭವ ಇಲ್ಲಿ ನೆರವಿಗೆ ಬಂದಿತು. ಹಳೆಯ ಬಜಾರುಗಳ ಅಂಗಡಿಗಳ ಮುಂದೆ ಕಂಬಸಾಲಿನ ಪಡಸಾಲೆಗಳು ಎದ್ದು, ಬಿಸಿಲು ಮಳೆಗಳಲ್ಲಿ ನಡೆಯುವ ಗಿರಾಕಿಗೆ ನೆರಳು ದೊರೆಯಿತು. ಹೊಸ ವ್ಯಾಪಾರಕ್ಕೂ ವಸತಿಗೂ ಗೋಡೆಯ ಹೊರಗೆ ಎಡೆ ಮಾಡಿಕೊಡಲಾಯಿತು. ಹಳೆಯ ಊರಿನ ರೂಪವನ್ನು ಕೆಡಿಸದೆ ಹೊರಗೆ ಬೆಳೆಯಲು ದಾರಿ ತೆರೆದ ಈ ಕ್ರಮದ ಕೇಂದ್ರದಲ್ಲಿ ಅವರ ಹೆಸರಿನ ರಸ್ತೆಯಿದೆ. ಆಧುನಿಕ ಉದ್ಯಮಕ್ಕೂ ಜಯಪುರ ತೆರೆದುಕೊಂಡಿತು. 1946ರಲ್ಲಿ ಬಿರ್ಲಾ ಬಳಗದ ನ್ಯಾಷನಲ್ ಬೇರಿಂಗ್ ಕಂಪನಿ ಅಲ್ಲಿ ಸ್ಥಾಪನೆಯಾಯಿತು.

ಮೈಸೂರಿನ ರಾಜಕೀಯ ಪಾಠವೂ ವ್ಯರ್ಥವಾಗಲಿಲ್ಲ. 1942ರಲ್ಲಿ ದೇಶವೆಲ್ಲ ಚಳವಳಿಯಿಂದ ಕುದಿಯುತ್ತಿದ್ದಾಗ ಮಿರ್ಜಾ ಅವರು ಜಯಪುರ ಪ್ರಜಾಮಂಡಲದ ನಾಯಕ ಹೀರಾಲಾಲ್ ಶಾಸ್ತ್ರಿಯವರೊಡನೆ ಮಾತುಕತೆ ನಡೆಸಿ ತಿಳಿವಳಿಕೆಗೆ ಬಂದರು. ಪ್ರಜಾಮಂಡಲದಲ್ಲೇ ಇದನ್ನು ಒಪ್ಪದೆ ಹೊರಬಂದವರು ಬೇರೆ ಹೋರಾಟ ನಡೆಸಿದರು. ಆದರೂ ವಿದುರಾಶ್ವತ್ಥದಂಥ ದುರಂತ ಅಲ್ಲಿ ಮರುಕಳಿಸಲಿಲ್ಲ. 1944ರ ಕಾಯಿದೆಯ ಮೂಲಕ ಜಯಪುರಕ್ಕೆ ಎರಡು ಸದನಗಳ ಶಾಸನಸಭೆ ದೊರೆಯಿತು. 1945ರಲ್ಲಿ ಅಖಿಲ ಭಾರತ ಲೇಖಕರ ಸಮ್ಮೇಳನವನ್ನು ಪಿ.ಇ.ಎನ್. ಸಂಸ್ಥೆ ಜಯಪುರದಲ್ಲಿ ನಡೆಸಿತು. ಆಂಗ್ಲ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ ಅದರಲ್ಲಿ ಭಾಗವಹಿಸಿದ್ದರು. ನಗರದ ಪುನರುಜ್ಜೀವನ ಅಂಗಡಿ, ಕಾರ್ಖಾನೆಗಳಲ್ಲಿ ಮುಗಿಯದೆ ವಿಚಾರಲೋಕವನ್ನೂ ಒಳಗೊಳ್ಳಬೇಕೆಂಬುದಕ್ಕೆ ಇಂಥ ಸಂಗತಿಗಳು ಸಾಕ್ಷಿ.

ಹೈದರಾಬಾದು ಮತ್ತು ಕೊನೆಯ ವರ್ಷಗಳು

1946ರಲ್ಲಿ ಮಿರ್ಜಾ ಹೈದರಾಬಾದಿನ ನಿಜಾಮರ ಸರ್ಕಾರದ ಮುಖ್ಯಸ್ಥರಾದರು. ತೆಲುಗು, ಮರಾಠಿ ಪ್ರದೇಶಗಳೊಡನೆ ಕಲಬುರ್ಗಿ, ರಾಯಚೂರು, ಬೀದರ್ ಎಂಬ ಕನ್ನಡ ಜಿಲ್ಲೆಗಳನ್ನೂ ಒಳಗೊಂಡಿದ್ದ ವಿಶಾಲ ಸಂಸ್ಥಾನ ಅದು. ನಗರ ನಿರ್ಮಾಣದ ದೃಷ್ಟಿಯಿಂದ ಹೈದರಾಬಾದು ಹಿಂದುಳಿದಿರಲಿಲ್ಲ. 1908ರ ಮೂಸಿ ನದಿಯ ಪ್ರವಾಹದ ನಂತರ ವಿಶ್ವೇಶ್ವರಯ್ಯನವರ ಸಲಹೆಯಂತೆ ಅದಕ್ಕೆ ಜಲಾಶಯಗಳ ರಕ್ಷಣೆ ದೊರೆತಿತ್ತು. ನಗರಾಭಿವೃದ್ಧಿ ಮಂಡಲಿ ದಶಕಗಳಿಂದ ಕೆಲಸ ಮಾಡುತ್ತಿತ್ತು. ಹಣದ ಕೊರತೆಯೂ ಇರಲಿಲ್ಲ. ಆದರೆ ರಾಜಕೀಯ ಒಮ್ಮತದ ಸುಳಿವೇ ಇರಲಿಲ್ಲ. ಭಾರತದೊಡನೆ ಸೌಹಾರ್ದದ ಸಂಬಂಧವನ್ನು ಬಯಸಿದ ಮಿರ್ಜಾ ಅವರ ನೀತಿಯನ್ನು ಇತ್ತೆಹಾದುಲ್ ಮುಸ್ಲಿಮೀನ್ ಸಂಘಟನೆ ಉಗ್ರವಾಗಿ ವಿರೋಧಿಸಿತು. ಬೆಂಗಳೂರಿನಲ್ಲಿ ಒಂದು ಕಡೆಯವರ ಅನುಮಾನಕ್ಕೆ ಗುರಿಯಾಗಿದ್ದ ಆಡಳಿತಗಾರ ಹೈದರಾಬಾದಿನಲ್ಲಿ ಇನ್ನೊಂದು ಕಡೆಯವರ ದ್ವೇಷಕ್ಕೆ ಗುರಿಯಾದರು. ನಿಜಾಮರ ಬೆಂಬಲವೂ ಗಟ್ಟಿಯಾಗಿ ದೊರೆಯದೆ 1947ರಲ್ಲಿ ಅವರು ಅಧಿಕಾರ ತೊರೆದರು. ಆ ಸಂಸ್ಥಾನ ಮುಂದೆ ರಜಾಕಾರರ ಹಾವಳಿಯನ್ನು ಕಂಡು 1948ರ ಸೆಪ್ಟೆಂಬರಿನ ಸೈನಿಕ ಕಾರ್ಯಾಚರಣೆಯ ನಂತರ ಭಾರತದಲ್ಲಿ ವಿಲೀನವಾಯಿತು. ಕಟ್ಟುವ ಕೌಶಲವೂ ಸಂಪತ್ತೂ ಇದ್ದರೂ ಜನತೆಯ ನಡುವೆ ನಂಬಿಕೆ ಮುರಿದಲ್ಲಿ ನಗರ ಕಟ್ಟುವ ಕೈ ನಿಷ್ಕ್ರಿಯವಾಗುತ್ತದೆಂಬುದಕ್ಕೆ ಈ ಒಂದು ವರ್ಷಕ್ಕೂ ಕಡಿಮೆಯ ಅವಧಿ ಸಾಕ್ಷಿಯಾಗಿದೆ.

ಸ್ವಾತಂತ್ರ್ಯದ ನಂತರ ಅವರು ವಿಶ್ವಸಂಸ್ಥೆಯ ತಾಂತ್ರಿಕ ನೆರವಿನ ಪ್ರತಿನಿಧಿಯಾಗಿ ಇಂಡೋನೇಷ್ಯಾದಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿದರು. 1954ರಲ್ಲಿ ಅವರ ಆತ್ಮವೃತ್ತಾಂತ ಇಂಗ್ಲಿಷಿನಲ್ಲಿ ಪ್ರಕಟವಾಯಿತು. 1959ರ ಜನವರಿ 5ರಂದು ಬೆಂಗಳೂರಿನಲ್ಲಿ ಅವರು ನಿಧನರಾದರು.

ಮೌಲ್ಯಮಾಪನ

ಮಿರ್ಜಾ ಅವರ ಕಾಲದ ಉದ್ಯಮಗಳ ಮುಂದಿನ ಗತಿ ಒಂದೇ ತೆರನಾಗಿಲ್ಲ. ವಿಮಾನ ಕಾರ್ಖಾನೆ ಹಿಂದೂಸ್ಥಾನ್ ಏರೋನಾಟಿಕ್ಸ್ ಆಗಿ ದೇಶದ ರಕ್ಷಣಾ ಉದ್ಯಮದ ಮುಂಚೂಣಿಯಲ್ಲಿದೆ. ಪಿಂಗಾಣಿಯ ಕಾರ್ಖಾನೆ ಕೇಂದ್ರ ಸರ್ಕಾರದ ದೊಡ್ಡ ಸಂಸ್ಥೆಯೊಂದರಲ್ಲಿ ಸೇರಿಹೋಯಿತು. ವಿದ್ಯುದ್ದೀಪದ ಮತ್ತು ಕಾಗದದ ಕಾರ್ಖಾನೆಗಳು ಇಪ್ಪತ್ತೊಂದನೆಯ ಶತಮಾನದಲ್ಲಿ ಉತ್ಪಾದನೆ ನಿಲ್ಲಿಸಿದವು. ಮಂಡ್ಯದ ಸಕ್ಕರೆ ಕಾರ್ಖಾನೆ ಹಲವು ಬಾರಿ ನಿಂತು ಮತ್ತೆ ತಿರುಗಿದೆ. ಸರ್ಕಾರ ಪಾಲುದಾರನಾಗಿ ಉದ್ಯಮವನ್ನು ಹುಟ್ಟಿಸಬಲ್ಲದಾದರೂ ಕಾಲಕ್ಕೆ ತಕ್ಕಂತೆ ಅದನ್ನು ನವೀಕರಿಸುವ ಹೊಣೆಯನ್ನು ಪ್ರತಿಯೊಂದು ಪೀಳಿಗೆಯೂ ಹೊರಬೇಕಾಗುತ್ತದೆ.

ಕಾರ್ಖಾನೆಗಳಿಗಿಂತ ದೀರ್ಘಾಯುಷ್ಯ ಪಡೆದದ್ದು ಒಂದು ಕಲ್ಪನೆ. ಸಂಪತ್ತಿನ ಬೆಳವಣಿಗೆಗೂ ಬೀದಿಯ ನೈರ್ಮಲ್ಯಕ್ಕೂ, ಬೆಳೆಯ ಬೆಲೆಗೂ ಪಟ್ಟಣದ ಕಾರ್ಖಾನೆಗೂ, ಉದ್ಯಾನದ ಹೂವಿಗೂ ಅಂಗಡಿಯ ವ್ಯಾಪಾರಕ್ಕೂ ಸಂಬಂಧವಿದೆಯೆಂದು ತಿಳಿದು ಎಲ್ಲವನ್ನೂ ಒಟ್ಟಿಗೆ ಯೋಜಿಸಿದ್ದು ಅವರ ಹಿರಿಮೆ. ರಾಜಧಾನಿಯೊಂದನ್ನೇ ಬೆಳೆಸದೆ ಮಂಡ್ಯ, ಭದ್ರಾವತಿ, ಹಾಸನ, ಶಿವಮೊಗ್ಗೆಗಳಿಗೂ ಉದ್ಯಮವನ್ನು ಹಂಚಿದ ವಿವೇಕ, ಎಲ್ಲವನ್ನೂ ಬೆಂಗಳೂರೊಂದೇ ನುಂಗುತ್ತಿರುವ ಇಂದಿನ ಕರ್ನಾಟಕಕ್ಕೆ ವಿಶೇಷವಾಗಿ ಪ್ರಸ್ತುತವಾಗಿದೆ.

ಅವರ ಮಿತಿಯೂ ಅಷ್ಟೇ ಬೋಧಪ್ರದ. ಮೈಸೂರಿನಲ್ಲಿ ನಗರ ಮೊದಲು ಬೆಳೆದು ನಾಗರಿಕನ ಹಕ್ಕು ಹಿಂದೆ ಉಳಿಯಿತು; ಆ ಅಂತರಕ್ಕೆ ವಿದುರಾಶ್ವತ್ಥ ಬೆಲೆ ತೆತ್ತಿತು. ಜಯಪುರದಲ್ಲಿ ರಾಜಿ ಮತ್ತು ನಿರ್ಮಾಣಗಳು ಜೊತೆಜೊತೆಯಾಗಿ ಸಾಗಿದವು. ಹೈದರಾಬಾದಿನಲ್ಲಿ ರಾಜಿಗೇ ಎಡೆಯಿಲ್ಲದೆ ನಿರ್ಮಾಣವೂ ನಿಂತಿತು. ಮೂರು ಸಂಸ್ಥಾನಗಳ ಅರಸರೂ ಅಧಿಕಾರ ಕಳೆದುಕೊಂಡು ದಶಕಗಳಾಗಿವೆ. ಅವರ ಪರವಾಗಿ ಮಿರ್ಜಾ ಅವರು ಬೆಳಗಿನ ಸಂಚಾರದಲ್ಲಿ ನಡೆಸುತ್ತಿದ್ದ ತಪಾಸಣೆ ಈಗ ಪ್ರತಿಯೊಂದು ನಗರದ ನಾಗರಿಕರ ಹಕ್ಕೂ ಕರ್ತವ್ಯವೂ ಆಗಿದೆ.